ಗಾ ಭಾಷೆ ಕಲಿಯಬೇಕು, ಮೇ ಕೊನೆಯಲ್ಲಿ ಅಕ್ರಾಗೆ ಬಾಣಂತನಕ್ಕೆ ಹೊರಟಿದ್ದೇನೆ

ಪ್ರಶ್ನೆ (ನಿವೃತ್ತ ಕನ್ನಡ ಮೇಡಂ, ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ 28 ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಮಾಡಿ ಈಗ ಮೈಸೂರಿನಲ್ಲಿದ್ದೇನೆ. ಅಳಿಯ ಘಾನಾದವನು. ಮಾನಸಗಂಗೋತ್ರಿಗೆ ಓದಲು ಬಂದಾಗ ಮಗಳಿಗೆ ಪರಿಚಯ. ಈಗ ಇಬ್ಬರೂ ಅಕ್ರಾದಲ್ಲಿದ್ದಾರೆ, ಅವಳಿಗೆ ಎಂಟನೇ ತಿಂಗಳು. ಅವರದು ಗಾ ಜನರ ಮನೆ, ಟೆಶಿ ಎಂಬ ಕಡಲ ದಂಡೆಯ ಊರು. ಬೀಗಿತ್ತಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಗಾ ಒಂದಕ್ಷರ ಬಾರದು. ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಮುಖ ನೋಡಿಕೊಂಡು ನಗುತ್ತೇವೆ, ಅಷ್ಟೇ. ಒಂದೇ ಮಗುವಿಗೆ ಅಜ್ಜಿಯರಾಗಿ ಒಂದೂವರೆ ತಿಂಗಳು ಒಂದೇ ಮನೆಯಲ್ಲಿ ಮೂಕರ ಹಾಗೆ ಇರೋದು ಹೇಗೆ?

ಎರಡು ವಾರದಿಂದ ಯೂಟ್ಯೂಬ್ ನೋಡಿ ಕಲಿತದ್ದನ್ನೆಲ್ಲ ಮಗಳಿಗೆ ಒಪ್ಪಿಸಿದೆ. "ಅಮ್ಮಾ, ಅದು ಟ್ವಿ, ಗಾ ಅಲ್ಲ" ಅಂದಳು. ಟ್ವಿ ಘಾನಾದ ಇನ್ನೊಂದು ಭಾಷೆಯಂತೆ. ಎಲ್ಲಿಂದ ಶುರು ಮಾಡಲಿ? ಎಂಟನೇ ದಿನ ಏನೋ ಶಾಸ್ತ್ರವಿದೆಯಂತೆ, ಅದರ ಬಗ್ಗೆಯೂ ತಿಳಿದವರು ಹೇಳಿ.

ಉತ್ತರ 1 (ಪಾಂಡವಪುರದವನು, ತೆಮಾ ಬಂದರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ)

ಮೇಡಂ, ನೀವು ಎಡವಿದ ಕಡೆಯೇ ನಾನೂ ಎಡವಿದ್ದೆ. ಅಕ್ರಾ ಗಾ ಜನರ ಸ್ವಂತ ಊರು, ಆದರೆ ಸಂತೆಯಲ್ಲಿ, ಬಸ್ಸಿನಲ್ಲಿ ಟ್ವಿ ಜಾಸ್ತಿ. ಎಲ್ಲೆಲ್ಲೂ ಕೇಳಿಸುವ "ಅಕ್ವಾಬಾ" (ಸ್ವಾಗತ) ಕೂಡ ಗಾ ಅಲ್ಲ. ಗಾ ಮನೆಯೊಳಗೆ ಎರಡು ಮಾತು ಗಾದಲ್ಲೇ ಆಡಿ ನೋಡಿ, ಹಿರಿಯರ ಮುಖ ಅರಳುತ್ತದೆ. ಬೆಳಿಗ್ಗೆ "ಒಜೆಕೋ". ಹೇಗಿದ್ದೀರಿ ಅನ್ನೋದಕ್ಕೆ "ತೆ ಒಯೋ ತೆಙ್". ಚೆನ್ನಾಗಿದ್ದೀನಿ, "ಮೀಯೆ ಒಜೊಗ್ಬಙ್". ಧನ್ಯವಾದಕ್ಕೆ "ಒಯಿವಲದೊಙ್". ಎಡಗೈಯಲ್ಲಿ ಏನೂ ಕೊಡಬೇಡಿ, ಇದು ನಮ್ಮ ಕಡೆಯಂತೆಯೇ.

ಎಂಟನೇ ದಿನದ ಶಾಸ್ತ್ರಕ್ಕೆ ಕ್ಪೊಜಿಯೆಮೊ ಅಂತಾರೆ, ಮಗುವನ್ನು ಹೊರಗೆ ಕರೆತರುವುದು. ಜೊತೆಗಾರನೊಬ್ಬ ಅವನ ಅಣ್ಣನ ಮಗುವಿನದಕ್ಕೆ ಕರೆದಿದ್ದ. ಬೆಳಕು ಹರಿಯುವ ಮೊದಲೇ ತಂದೆಯ ಕಡೆಯ ಮನೆಯಂಗಳದಲ್ಲಿ ಎಲ್ಲರೂ ಸೇರಿದ್ದರು. ಒಳ್ಳೆಯ ನಡತೆಯವರೆಂದು ಊರೇ ಒಪ್ಪಿದ ಹಿರಿಯರೊಬ್ಬರು ಮಗುವನ್ನು ಎತ್ತಿ ಆಕಾಶಕ್ಕೆ ತೋರಿಸಿದರು. ಅವರ ಗುಣ ಮಗುವಿಗೆ ಬರಲಿ ಅಂತ. ಆಮೇಲೆ ಚಾವಣಿಯ ಮೇಲೆ ನೀರೆರಚಿದರು. ಅದು ಮಳೆಹನಿಯಂತೆ ತೊಟ್ಟಿಕ್ಕಿ ಮಗುವಿನ ಮೈಮೇಲೆ ಬಿತ್ತು. ಆ ಪುಟ್ಟ ಮೈ ಬೆಚ್ಚಿದ್ದು ಇನ್ನೂ ಕಣ್ಣಲ್ಲಿದೆ. ಹಿರಿಯರು ನೆಲಕ್ಕೆ ಪಾನೀಯ ಸುರಿದು ಪೂರ್ವಿಕರನ್ನು ಕರೆಯುತ್ತಾ "ಚ್ವಾ, ಒಮಾಞೆ ಅಬಾ" ಅಂದಾಗ ಸೇರಿದವರೆಲ್ಲ "ಹಿಯಾವೊ!" ಅನ್ನಬೇಕು. ಶುಭವಾಗಲಿ, ಹಾಗೇ ಆಗಲಿ ಅಂತ. ಆ ಒಂದು ಮಾತು ನಿಮ್ಮ ಬಾಯಿಂದ ಜೋರಾಗಿ ಬರಲಿ.

ಹೆಸರು ತಂದೆಯ ಮನೆತನದ್ದು. ಎಷ್ಟನೇ ಮಗು, ಗಂಡೋ ಹೆಣ್ಣೋ ಅನ್ನೋದರ ಮೇಲೆ ಇರುತ್ತೆ. ಒಂದು ತಲೆಮಾರು ಬಿಟ್ಟು ಅವೇ ಹೆಸರು ಮರಳುತ್ತವೆ, ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಬಂದ ಹಾಗೆ. ಗಂಡಾದರೆ ಹೆಸರಿನ ಮುಂದೆ ನೀ, ಹೆಣ್ಣಾದರೆ ನಾ ಅಂತ ಸೇರೋದು ಸಾಮಾನ್ಯ.

ಇನ್ನೊಂದು ವಿಷಯ. ಮೇನಲ್ಲಿ ಅಲ್ಲಿ ನವಣೆಯಂಥ ಕಾಳು ಬಿತ್ತುವ ಶಾಸ್ತ್ರ ಆದ ಮೇಲೆ ಸುಮಾರು ಒಂದು ತಿಂಗಳು ಡೋಲು, ಗದ್ದಲ ಎಲ್ಲ ನಿಷೇಧ. ಒಂದೊಂದು ಊರಿಗೂ ತಾರೀಕು ಬೇರೆ. ಸಂಭ್ರಮ ಸಪ್ಪಗಿದೆ ಅಂತ ಬೇಸರ ಮಾಡ್ಕೋಬೇಡಿ. ಆ ಮೌನವೆಲ್ಲ ಹೊಮೊವೊ ಹಬ್ಬದ ದಾರಿ. ಹಿಂದೆ ಬರಗಾಲ ಕಳೆದು ಬೆಳೆ ಬಂದಾಗ ಹಸಿವನ್ನೇ ಕೂಗಿ ಅಣಕಿಸಿದರಂತೆ, ಹೆಸರಿನ ಅರ್ಥವೂ ಅದೇ.

ಊಟದ ಚಿಂತೆ ಬೇಡ. ಕೊಮಿ ಅಂತ ಹುಳಿ ಬಂದ ಮೆಕ್ಕೆಜೋಳದ ಹಿಟ್ಟಿನ ಉಂಡೆ, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ್ದು, ಜೊತೆಗೆ ಕರಿದ ಮೀನು, ಅರೆದ ಮೆಣಸಿನಕಾಯಿ. ಮುದ್ದೆ ಮುರಿದು ಬೆಳೆದ ಕೈಗೆ ಒಂದು ವಾರ ಸಾಕು.

ಉತ್ತರ 2 (ಭಾಷಾವಿಜ್ಞಾನದ ವಿದ್ಯಾರ್ಥಿನಿ, ಮೈಸೂರು)

ಮೇಡಂ, ನೀವು ಕನ್ನಡ ಲಿಪಿಯಲ್ಲೇ ಬರೆದುಕೊಂಡು ಕಲಿಯಿರಿ. ಗಾ ಭಾಷೆಗೆ ಙ, ಞ ಎರಡೂ ದಿನನಿತ್ಯ ಬೇಕು. ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಅಕ್ಷರಗಳು ಅಲ್ಲಿ ದುಡಿಯುತ್ತವೆ. ಕಷ್ಟದ ಮೂರು ಧ್ವನಿಗಳಾದ ಕ್ಪ, ಗ್ಬ, ಙ್ಮಗಳಿಗೂ ನಿಮಗೆ ಪದ ಗೊತ್ತು: ವಾಕ್ಪಟು, ದಿಗ್ಬಂಧನ, ವಾಙ್ಮಯ. ಆದರೆ ನಾವು ಕ್ ಹೇಳಿ ಮುಗಿಸಿ ಆಮೇಲೆ ಪ ಅನ್ನುತ್ತೇವೆ. ಅವರು ನಾಲಿಗೆಯ ಬುಡ, ತುಟಿ ಎರಡನ್ನೂ ಒಟ್ಟಿಗೇ ಮುಚ್ಚಿ ಒಟ್ಟಿಗೇ ಬಿಡುತ್ತಾರೆ. ಎಣಿಸುತ್ತಾ ಅಭ್ಯಾಸ ಮಾಡಿ: ಆರಕ್ಕೆ ಎಕ್ಪಾ, ಏಳಕ್ಕೆ ಕ್ಪಾವೊ, ಎಂಟಕ್ಕೆ ಕ್ಪಾಞೊ. ಎರಡಕ್ಕೆ ಎಞೊ, ಅಂದರೆ ಎಂಟರಲ್ಲಿ ಆರೂ ಎರಡೂ ಅಡಗಿವೆ.

ಲಿಪಿ ಕೊಡದಿರುವುದು ಸ್ವರದ ಏರಿಳಿತ. ಎತ್ತರದಲ್ಲಿ ಹೇಳಿದರೆ ಒಂದು ಅರ್ಥ, ತಗ್ಗಿಸಿದರೆ ಇನ್ನೊಂದು. 2024ರಿಂದ ಗೂಗಲ್ ಅನುವಾದದಲ್ಲಿ ಗಾ ಇದೆ, ಆದರೆ ಈ ಏರಿಳಿತಕ್ಕೆ ಬೀಗಿತ್ತಿಯ ದನಿಯೇ ಬೇಕು. ವಾಟ್ಸಾಪ್‌ನಲ್ಲಿ ದಿನಕ್ಕೆ ಒಂದು ವಾಕ್ಯ ಹೇಳಿ ಕಳಿಸಲು ಕೇಳಿ.

ನಿಮಗೆ ಇಷ್ಟವಾಗುವ ಒಂದು ಸಂಗತಿ. ಗಾ ಭಾಷೆಯ ವ್ಯಾಕರಣವನ್ನು 1858ರಲ್ಲಿ ಪ್ರಕಟಿಸಿದ ಯೋಹಾನೆಸ್ ಸಿಮ್ಮರ್‌ಮನ್ ಬಾಸೆಲ್ ಮಿಷನ್‌ನವರು. 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟೆಲ್ ಅವರೂ ಅದೇ ಮಿಷನ್‌ನವರು.

ಪ್ರಶ್ನೆ ಕೇಳಿದವರು

ಕಿಟೆಲ್ ನಿಘಂಟು ಇಟ್ಟುಕೊಂಡೇ ಇಷ್ಟು ವರ್ಷ ಪಾಠ ಮಾಡಿದವಳು ನಾನು. ಆ ಕಡೆಯ ಒಬ್ಬರು ಬೀಗಿತ್ತಿಯ ಭಾಷೆಗೂ ದುಡಿದಿದ್ದರು ಅಂತ ಓದಿ ಕಣ್ಣು ತುಂಬಿತು.

ಬೀಗಿತ್ತಿಯ ಹತ್ತಿರ ಕಲಿಯಲು ಶುರು ಮಾಡಿ ಒಂಬತ್ತು ದಿನವಾಯಿತು. "ಒಜೊಗ್ಬಙ್" ಅನ್ನು ಹನ್ನೊಂದು ಸಲ ಹೇಳಿಸಿಕೊಂಡರು, ಹನ್ನೊಂದನೆಯದಕ್ಕೆ ಚಪ್ಪಾಳೆ. ಪ್ರತಿಯಾಗಿ ನನ್ನಿಂದ "ಬಾಳೆಹಣ್ಣು" ಕಲಿಯುತ್ತಿದ್ದಾರೆ. ಪಾಂಡವಪುರದವರೇ, ಮಗುವಿಗೆ ಬೆಳ್ಳಿ ಉಡಿದಾರ ಒಯ್ಯಬಹುದೇ?

ಉತ್ತರ 1

ಧಾರಾಳವಾಗಿ. ಅಲ್ಲೂ ಕೂಸಿನ ಸೊಂಟಕ್ಕೆ ಮಣಿಸರ ಕಟ್ಟುತ್ತಾರೆ. ಆದರೆ ಎಂಟನೇ ದಿನದ ಶಾಸ್ತ್ರ ತಂದೆಯ ಕಡೆಯವರದು, ಅದು ಮುಗಿಯುವವರೆಗೂ ಪೆಟ್ಟಿಗೆಯಲ್ಲೇ ಇರಲಿ. ಆಮೇಲೆ ಬೀಗಿತ್ತಿಯ ಕೈಗೆ ಕೊಡಿ, ಬಲಗೈಯಲ್ಲಿ. ಅವರೇ ಕಟ್ಟಲಿ.