ಪದ ಬೇಕು: ಅಡ್ಸಾರ್ಪ್ಶನ್‌ಗೆ ಕನ್ನಡದಲ್ಲಿ ಏನನ್ನೋಣ?

ಬದಿಯಡ್ಕದಿಂದ:
ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಶಾಸ್ತ್ರಮೇಳಕ್ಕೆ (ಶಾಲೆಗಳ ವಿಜ್ಞಾನ ಮೇಳ) ಚಾರ್ಟ್ ಮಾಡುತ್ತಿದ್ದಾರೆ. ಅಡಿಕೆ ಸಿಪ್ಪೆ, ಗೆರಟೆ ಮಸಿ, ಉಮಿ ಬಳಸಿ ಕಾರ್ಖಾನೆ ನೀರಿನಿಂದ ಸೀಸ, ಕ್ಯಾಡ್ಮಿಯಂ ತೆಗೆಯುವ ವಿಷಯ. 'ಸಿಪ್ಪೆ ಸೀಸವನ್ನು ಹೀರುತ್ತದೆ' ಅಂದರೆ ತಪ್ಪಾಗುತ್ತದೆ, ಅಲ್ವಾ? ಸೀಸ ಮೇಲ್ಮೈಯಲ್ಲೇ ನಿಲ್ಲುತ್ತದೆ, ಅದಕ್ಕೇ ಅಡ್ಸಾರ್ಪ್ಶನ್ ಅನ್ನುವುದು. ನಾಳೆ ಸಂಜೆಯೊಳಗೆ ಪದ ಬೇಕು.

ಮೈಸೂರಿನಿಂದ:
ಅಧಿಶೋಷಣೆ. ಹಿಂದಿಯಲ್ಲೂ ಮಲಯಾಳದಲ್ಲೂ ಇದೇ. ಸುಮ್ನೆ ಹೊಸದು ಹುಟ್ಟಿಸುವುದು ಬೇಡ. ಹಾಗೇ 'ಗೆರಟೆ' ತೆಗೆದು 'ಕರಟ' ಮಾಡಿ.

ಹೊಸೂರಿನಿಂದ:
ಅಧಿಶೋಷಣೆ ಬೇಡವೇ ಬೇಡ. 'ಶುಷ್' ಅಂದರೆ ಒಣಗು. ನೀರಲ್ಲಿ ಮುಳುಗಿದ ಸಿಪ್ಪೆಗೆ ಒಣಗುವ ಧಾತು ಯಾಕೆ? ಶೋಷಣೆ ಅಂದರೆ ಇವತ್ತು ಜನರಿಗೆ ಹೊಳೆಯುವುದು ಬಡವರ ಸುಲಿಗೆ. 1881ರಲ್ಲಿ ಜರ್ಮನಿಯ ಭೌತವಿಜ್ಞಾನಿ ಹೈನ್‌ರಿಶ್ ಕೈಸರ್, ಹೀರುವುದು ಅನ್ನುವ ಅರ್ಥದ 'ಅಬ್ಸಾರ್ಪ್ಶನ್'ನಲ್ಲಿ 'ಅಬ್' ಇದ್ದಲ್ಲಿ 'ಅಡ್' ಹಾಕಿ ಈ ಪದ ಬಳಕೆಗೆ ತಂದರು. 'ಹೀರು' ಹಾಗೇ ಉಳಿಯಿತು. ಅದನ್ನು ನಾವು ಹೊರಬೇಕಿಲ್ಲ. ತಮಿಳಿನಲ್ಲಿ 'ಪರಪ್ಪು ಕವರ್ದಲ್' ಇದೆ. ಹಳಗನ್ನಡದ 'ಕವರ್' ಅದೇ, ಸೆಳೆದುಕೊಳ್ಳು ಅಂತ. 'ಮೇಲ್ಗವರು' ಅನ್ನಿ.

ಪೆರ್ಲದಿಂದ:
'ಕವರು' ಅಂದ ತಕ್ಷಣ ಮಕ್ಕಳಿಗೆ ನೆನಪಾಗುವುದು ಪ್ಲಾಸ್ಟಿಕ್ ಕವರು. ಬಿಡಿ.

ಟೀಚರೇ, ನಡೆಯುವುದನ್ನು ನೋಡಿ ಪದ ಇಡೋಣ. ಸಿಪ್ಪೆಯ ನಾರಿನ ಮೇಲೆ ಆಮ್ಲದ ಗುಂಪುಗಳಿವೆ. ಅವು ತಮ್ಮಲ್ಲಿದ್ದ ಹೈಡ್ರೋಜನ್, ಕ್ಯಾಲ್ಸಿಯಂ ಬಿಟ್ಟು ಸೀಸವನ್ನು ಹಿಡಿಯುತ್ತವೆ. ನೀರಲ್ಲಿ ಹುಳಿ ಜಾಸ್ತಿಯಿದ್ದರೆ ಹೈಡ್ರೋಜನ್ನೇ ಜಾಗ ಬಿಡುವುದಿಲ್ಲ, ಸೀಸ ನೀರಲ್ಲೇ ಉಳಿಯುತ್ತದೆ. ಸೀಸ ಹಿಡಿದ ಸಿಪ್ಪೆಯನ್ನು ನೀರು ಬೆರೆಸಿದ ಆಸಿಡ್‌ನಲ್ಲಿ ತೊಳೆದರೆ ಬಿಟ್ಟುಕೊಡುತ್ತದೆ. ಹಿಡಿಯುವುದು, ಬಿಡುವುದು, ಇಷ್ಟೇ. ಹಾಗಾಗಿ 'ಮೇಲ್ಹಿಡಿತ'.

ಚಾರ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ ಇದನ್ನೂ ಬರೆಸಿ: ಬಳಸಿದ ಸಿಪ್ಪೆಯನ್ನು ಅಡಿಕೆ ಬುಡಕ್ಕೆ ಹಾಕಬಾರದು. 'ಹೀರಿತು' ಅಂದರೆ ಸೀಸದ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಎಲ್ಲಿಗೂ ಹೋಗಿಲ್ಲ, ಸಿಪ್ಪೆಯಲ್ಲೇ ಇದೆ.

ಗೆರಟೆ ಗೆರಟೆಯಾಗಿಯೇ ಇರಲಿ. ಚಾರ್ಟ್ ಓದುವವರು ಕಾಸರಗೋಡಿನವರು.

ಹೊಸೂರಿನಿಂದ:
ಮೇಲ್ಹಿಡಿತ ಒಪ್ಪಿದೆ. 'ಆಮ್ಲ' ಯಾಕೆ? 'ಹುಳಿ' ಸಾಲದಾ?

ಪೆರ್ಲದಿಂದ:
ಸೀಸವೂ ಸಂಸ್ಕೃತದ್ದೇ. ಅದಕ್ಕೆ ನೀವು ತಕರಾರು ಎತ್ತಲಿಲ್ಲ. ಜನರ ಬಾಯಲ್ಲಿ ಸಲೀಸಾದ ಪದವನ್ನು ಕಿತ್ತುಹಾಕುವ ಕೆಲಸ ನಮ್ಮದಲ್ಲ. ಆಮ್ಲ ಏಳನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ಬದಿಯಡ್ಕದಿಂದ:
'ಮೇಲ್ಹಿಡಿತ' ಬರೆಸುತ್ತೇನೆ, ಆವರಣದಲ್ಲಿ ಅಡ್ಸಾರ್ಪ್ಶನ್ ಇರಲಿ. ಆಸಿಡ್‌ನಲ್ಲಿ ತೊಳೆದು ಬಿಡಿಸುವುದಕ್ಕೆ 'ಬಿಡಿಕೆ' ಅಂದರೆ ಆದೀತಾ?