ಮುಧೋಳ ನಾಯಿಮರಿಗೆ ಯಾವ ಕಾಲರ್, ಎಂಥ ಲೀಶ್?

ಪ್ರಶ್ನೆ: ಮೂರು ತಿಂಗಳ ಮುಧೋಳ ಮರಿ. ಬಕಲ್ ಕಾಲರ್ ಹಾಕಿದರೆ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಳ್ಳುತ್ತದೆ, ಬಿಗಿ ಮಾಡಿದರೆ ಕೆಮ್ಮುತ್ತದೆ. ಏನು ಕೊಳ್ಳಲಿ?

ಉತ್ತರ 1: ಈ ತಳಿಯ ತಲೆ ಕಿರಿದು, ಕತ್ತಿನಷ್ಟೇ ಸುತ್ತಳತೆ. ಅದಕ್ಕೇ ಮಾಮೂಲಿ ಕಾಲರ್ ಜಾರುವುದು. ಬಟ್ಟೆಯ ಮಾರ್ಟಿಂಗೇಲ್ ಕಾಲರ್ ಕೊಳ್ಳಿ: ಕತ್ತಿನ ಪಟ್ಟಿಯ ಎರಡು ತುದಿಗೂ ಒಂದೊಂದು ಲೋಹದ ಬಳೆ, ಅವುಗಳ ಮೂಲಕ ಒಂದು ಚಿಕ್ಕ ಕುಣಿಕೆ. ಮರಿಗೆ 2 ಸೆಂ.ಮೀ. ಅಗಲ ಸಾಕು. ಎಳೆದಾಗ ಅದರ ಚಿಕ್ಕ ಕುಣಿಕೆ ಬಿಗಿಯಾಗುತ್ತದೆ. ಪೂರ್ತಿ ಎಳೆದಾಗಲೂ ಎರಡು ಲೋಹದ ಬಳೆಗಳ ನಡುವೆ ಎರಡು ಬೆರಳಿನ ಜಾಗ ಉಳಿಯಬೇಕು. ಬಳೆಗಳು ಒಂದಕ್ಕೊಂದು ತಾಗಿದರೆ ಕಾಲರ್ ಸಡಿಲ, ತಲೆ ಜಾರುತ್ತದೆ. ಮನೆಯೊಳಗೆ ಬಿಚ್ಚಿಡಿ, ದಯವಿಟ್ಟು. ಕುಣಿಕೆ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಮರಿ ಬೆಳೆಯುವಷ್ಟು ಕಾಲ ವಾರಕ್ಕೊಮ್ಮೆ ಅಳತೆ ನೋಡಿ.

ಉತ್ತರ 2: ಲೀಶ್ (ಕೈಯಲ್ಲಿ ಹಿಡಿದು ನಡೆಸುವ ಪಟ್ಟಿ) 1.5 ಮೀಟರ್, ಚಪ್ಪಟೆ ನೈಲಾನ್, ಹಗುರ ಕೊಕ್ಕೆ. ಚೈನು ಬೇಡ, ಭಾರ. ಮರಿ ಕಚ್ಚಿದರೆ ಹಲ್ಲಿಗೂ ಪೆಟ್ಟು. ತಾನೇ ಸುತ್ತಿಕೊಳ್ಳುವ ಲೀಶ್ ಅಂತೂ ಈ ತಳಿಗೆ ಬೇಡವೇ ಬೇಡ: ಬೆಕ್ಕು ಕಂಡ ತಕ್ಷಣ ಓಟ ಕೀಳುತ್ತದೆ, ದಾರ ಮುಗಿದಲ್ಲಿ ಇಡೀ ವೇಗದ ಜಗ್ಗು ಕತ್ತಿಗೆ.

ಪ್ರಶ್ನೆ ಕೇಳಿದವರು: ಕಾಲರ್ ಬದಲು ಹಾರ್ನೆಸ್, ಅಂದರೆ ಎದೆಗೆ ಕಟ್ಟುವ ಪಟ್ಟಿ, ಆಗುತ್ತದೆಯೇ?

ಉತ್ತರ 2: ಎದೆಯ ಮೇಲೆ ವೈ ಆಕಾರದ್ದು, ಭುಜ ತಡೆಯದಂಥದ್ದು ಒಳ್ಳೆಯದು. ಕೆಮ್ಮು ಲೀಶ್ ಇಲ್ಲದಾಗಲೂ ಬಂದರೆ ಪಶುವೈದ್ಯರಿಗೆ ತೋರಿಸಿ.