ಗೋಡೆಗೆ ಕಟ್ಟಿದ ದೋಣಿಯಲ್ಲಿ ಮಲಗುವವರಿಗೆ ಚೀಟಿ: ಮೂರು ಪದ ಬೇಕು, ತುರ್ತು

ಬ್ರಿಸ್ಟಲ್‌ನಿಂದ:

ಬಳಗಕ್ಕೆ ನಮಸ್ಕಾರ. ಶುಕ್ರವಾರದೊಳಗೆ ಉತ್ತರ ಬೇಕು. ಊರಿಂದ ಅತ್ತೆ ಮಾವ ಬಂದಿದ್ದಾರೆ. ಅವರನ್ನು ಇಂಗ್ಲೆಂಡಿನ ಇಲ್ಫ್ರಾಕೂಂಬ್ ಬಂದರಿಗೆ ಕರೆದುಕೊಂಡು ಹೋಗಿ, ಹಾಯಿದೋಣಿಯಲ್ಲೇ ರಾತ್ರಿ ಮಲಗಿಸುವ ಯೋಚನೆ ಇದೆ. ಹಾಸಿಗೆ ಪಕ್ಕ ಅಂಟಿಸಲು ಕನ್ನಡದಲ್ಲಿ ಒಂದು ಚೀಟಿ ಬರೆಯುತ್ತಿದ್ದೇನೆ. ರಾತ್ರಿ ಏನೇನು ಸದ್ದು ಬರುತ್ತದೆ, ಯಾಕೆ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ನಿದ್ದೆ ಬರುತ್ತದೆ.

ಇಲ್ಲಿ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು 8 ಮೀಟರಿಗೂ ಜಾಸ್ತಿ ಏರಿ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಳಿದಾಗ ಒಳಬಂದರು ಬತ್ತಿ ಮರಳು ಕಾಣುತ್ತದೆ. ಗೋಡೆಗೆ ಕಟ್ಟಿದ ದೋಣಿ ಮೆಲ್ಲಗೆ ಇಳಿದು ತಳ ಊರುತ್ತದೆ. ಹೊರಗೆ ಬೀಳದ ಹಾಗೆ ಲಂಗರಿನ ಸರಪಳಿ, ನೀರಿನ ಕ್ಯಾನು ಎಲ್ಲವನ್ನೂ ಗೋಡೆ ಕಡೆ ಇಟ್ಟು ಸ್ವಲ್ಪ ಒಳಕ್ಕೆ ವಾಲಿಸುತ್ತೇವೆ. ಹಗ್ಗ ಗಿಡ್ಡ ಇದ್ದರೆ ನೀರು ಇಳಿದಾಗ ದೋಣಿ ನೇತಾಡಿಬಿಡುತ್ತದೆ. ಅದಕ್ಕೇ ಏರಿಳಿತದ ಮೂರು ಪಟ್ಟು ಉದ್ದ ಬಿಡುವುದು ಇಲ್ಲಿಯವರ ಲೆಕ್ಕ.

ಬೇಕಾದ ಪದಗಳು: ದೋಣಿಗೂ ಗೋಡೆಗೂ ನಡುವೆ ತೂಗುಬಿಡುವ ಫೆಂಡರ್. ದೋಣಿ ಹಿಂದೆ ಮುಂದೆ ಜರುಗದಂತೆ ಓರೆಯಾಗಿ ಕಟ್ಟುವ ಸ್ಪ್ರಿಂಗ್ ಹಗ್ಗ. ನೀರು ಬತ್ತಿ ದೋಣಿ ತಳ ಊರುವುದಕ್ಕೆ ಒಂದು ಕ್ರಿಯಾಪದ.

ಮೈಸೂರಿನಿಂದ:

ತಲೆಬರಹಕ್ಕೆ "ಹಾಯಾಗಿ ಮಲಗಿ" ಅಂತಲೇ ಹಾಕಿ. ತಮಿಳಿನ ಪಾಯ್ ಅಂದರೆ ಚಾಪೆಯೂ ಹೌದು, ದೋಣಿಯ ಪಟವೂ ಹೌದು. ಪಡಗು ಹಡಗಾದ ಹಾಗೆ ನಮ್ಮಲ್ಲಿ ಅದೇ ಹಾಯಿ ಆಯಿತು. ಚಾಪೆ ಮೇಲೆ ಮೈ ಚಾಚಿದರೆ ಹಾಯ್ ಎನಿಸುತ್ತದೆ ಅಲ್ವಾ? "ಹಾಯಾಗಿ" ಹುಟ್ಟಿದ್ದು ಇಲ್ಲಿಂದಲೇ. ಫೆಂಡರಿಗೆ "ತಾಗುತಡೆ". ಕ್ರಿಯಾಪದಕ್ಕೆ "ನೆಲೆಗೊಳ್ಳು". ಇಂಗ್ಲಿಷೂ ಬೇಡ, ಸಂಸ್ಕೃತವೂ ಬೇಡ.

ಬಳ್ಳಾರಿಯಿಂದ:

ಪಾಯ್, ಹಾಯಿ ಸರಿ. ಮುಂದಿನದು ಒಪ್ಪುವುದಿಲ್ಲ. ತೆಲುಗಿನಲ್ಲೂ ಹಾಯಿ ಅಂದರೆ ಸುಖ. ಆದರೆ ಪಟಕ್ಕೆ ಅವರು ತೆರಚಾಪ ಅನ್ನುತ್ತಾರೆ. ಪಕಾರ ಹಕಾರವಾಗಿದ್ದು ಕನ್ನಡದಲ್ಲಿ, ತೆಲುಗಿನಲ್ಲಲ್ಲ. ಅಂದ ಮೇಲೆ ಅವರ ಸುಖ ಚಾಪೆಯಿಂದ ಹೇಗೆ ಬಂತು?

ಮೈಸೂರಿನಿಂದ:

ನಮ್ಮಿಂದಲೇ ಅಲ್ಲಿಗೆ ಹೋಗಿರಬಹುದು.

ಬಳ್ಳಾರಿಯಿಂದ:

"ಇರಬಹುದು" ಅನ್ನುವುದು ಆಧಾರ ಅಲ್ಲ ಸರ್.

ಮಲ್ಪೆಯಿಂದ:

ಅಲ್ಲ ಮಾರಾಯ್ರೆ, ಕೇಳಿದ್ದು ಫೆಂಡರು. ನಮ್ಮಲ್ಲಿ ಬೋಟಿನ ಪಕ್ಕಕ್ಕೆ ಹಳೆ ಟಯರ್ ಕಟ್ಟುತ್ತಾರೆ. ಅದನ್ನು ಟಯರ್ ಅಂತಲೇ ಕರೆಯುತ್ತಾರೆ. ತಾಗುತಡೆ ಅಂತ ಧಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ನಿಂತು ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ದೇವರು ನೆಲೆಗೊಳ್ಳುತ್ತಾನೆ. ದೋಣಿ ನೆಲಕ್ಕೆ ಕೂರುತ್ತದೆ. ಅಷ್ಟು ಸಾಕು.

ಇನ್ನೊಂದು ಮಾತು. ಮಂಗಳೂರಲ್ಲಿ ಏರಿಳಿತ ಒಂದೂವರೆ ಮೀಟರಿನ ಆಸುಪಾಸು. ಕೆಳಗೆ ನೀರೇ ಇಲ್ಲದ ಹಾಗೆ ಬಂದರು ಬತ್ತುವುದು ನಮ್ಮ ದಿನದ ಅನುಭವ ಅಲ್ಲ. ಹಾಗಾಗಿ ಎಲ್ಲಕ್ಕೂ ಕರಾವಳಿಯಲ್ಲಿ ಪದ ಇದ್ದೇ ಇರುತ್ತದೆ ಅಂತ ಹುಡುಕಬೇಡಿ. ಗುಜರಾತಿನ ಭಾವನಗರದಲ್ಲಿ 10 ಮೀಟರ್ ದಾಟುತ್ತದೆ. ಅಲ್ಲಿಯ ಖಲಾಸಿಗಳ, ಅಂದರೆ ಹಡಗಿನ ಕೆಲಸದವರ, ಹತ್ತಿರ ಪದ ಇದ್ದರೆ ತೆಗೆದುಕೊಳ್ಳೋಣ, ತಪ್ಪೇನು?

ಧಾರವಾಡದಿಂದ:

ಗುಜರಾತಿನ ತನಕ ಯಾಕೆ ಹೋಗಬೇಕು? ಬಂದರು ಅನ್ನುವ ಮಾತನ್ನೇ ನೋಡಿ. ಬಂದವರು ನಿಲ್ಲುವ ಜಾಗ ಬಂದರು. ಎಷ್ಟು ಸೊಗಸಾಗಿ ಕಟ್ಟಿದ್ದಾರೆ. ಹಾಗೆಯೇ ದೋಣಿ ನಿಂತದ್ದಕ್ಕೆ...

ಬಳ್ಳಾರಿಯಿಂದ:

ತಪ್ಪು. ಬಂದರ್ ಪಾರ್ಸಿ ಮಾತು. ಇರಾನಿನ ಬಂದರ್ ಅಬ್ಬಾಸ್ ಕೇಳಿಲ್ಲವೇ? ಲಂಗರೂ ಪಾರ್ಸಿ. ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ಕಡಲಿಗೆ ಹೋದವರು ಜೊತೆಗೆ ದುಡಿದವರ ಮಾತು ಕಲಿತರು. ಆ ಮಾತುಗಳನ್ನು ಕಿತ್ತು ಹಾಕಿ ದೋಣಿ ನಡೆಸಲು ಆಗುವುದಿಲ್ಲ.

ಮೈಸೂರಿನಿಂದ:

ಬಂದದ್ದು ಇರಲಿ, ನಾನು ಕೀಳಲು ಹೇಳಲಿಲ್ಲ. ಲಂಗರು ನಮ್ಮ ನಾಲಿಗೆಗೆ ಒಗ್ಗಲು ಎಷ್ಟೋ ತಲೆಮಾರು ಹಿಡಿದಿದೆ. ಫೆಂಡರಿಗೆ ಅಷ್ಟು ಹೊತ್ತು ಇಲ್ಲ, ಚೀಟಿ ಶುಕ್ರವಾರಕ್ಕೆ ಬೇಕು. ಆ ಹಿರಿಯರು ತಾಗುತಡೆ ಓದಿದರೆ ಏನೋ ಒಂದು ತಾಗದಂತೆ ತಡೆಯುತ್ತದೆ ಅಂತ ತಿಳಿಯುತ್ತದೆ. ಫೆಂಡರ್ ಅಂತ ಓದಿದರೆ ಏನು ತಿಳಿಯುತ್ತದೆ? ಓದುವವರಿಗೆ ಅರ್ಥ ಆಗಲಿ ಅಂತಲೇ ಅಲ್ವಾ ಕನ್ನಡದಲ್ಲಿ ಬರೆಯುವುದು?

ಮಲ್ಪೆಯಿಂದ:

ಇದನ್ನು ಒಪ್ಪುತ್ತೇನೆ. ತಾಗುತಡೆಯನ್ನು ಮಾತ್ರ ಒಪ್ಪುವುದಿಲ್ಲ.

ಬ್ರಿಸ್ಟಲ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ಕರಡನ್ನು ಅತ್ತೆಗೆ ಓದಿ ಹೇಳಿದೆ. "ಕೂರುತ್ತದೆ" ತಕ್ಷಣ ತಿಳಿಯಿತು. "ನೆಲೆಗೊಳ್ಳುತ್ತದೆ" ಅಂದಾಗ, ಹಾಗಾದರೆ ಮತ್ತೆ ತೇಲುವುದಿಲ್ಲವಾ ಅಂತ ಕೇಳಿದರು. ಅದು ಸರಿಯಾದ ಪ್ರಶ್ನೆ, ಪದ ಬಿಟ್ಟೆ. ನಮ್ಮ ಫೆಂಡರು ಟಯರ್ ಅಲ್ಲ, ಒಳಗೆ ಗಾಳಿ ತುಂಬಿದ್ದು. ಹಾಗಾಗಿ ಗಾಳಿದಿಂಬು ಅಂತ ಬರೆದಿದ್ದೇನೆ. ಚೀಟಿ ಈಗ ಹೀಗಿದೆ:

"ಹಾಯಾಗಿ ಮಲಗಿ. ರಾತ್ರಿ ನೀರು ಇಳಿದು ದೋಣಿ ನೆಲಕ್ಕೆ ಕೂರುತ್ತದೆ. ಆಗ ಕೆಳಗಿನಿಂದ ಒಂದಷ್ಟು ಸಲ ಕುಟ್ಟಿದ ಹಾಗೆ ಆಗುತ್ತದೆ, ಆಮೇಲೆ ಅಲುಗಾಟ ನಿಲ್ಲುತ್ತದೆ. ನೀರು ಏರಿದಾಗ ಮತ್ತೆ ತೇಲುತ್ತದೆ. ದೋಣಿಯನ್ನು ಬೇಕೆಂದೇ ಗೋಡೆ ಕಡೆ ವಾಲಿಸಿದ್ದೇವೆ. ಆ ಕಡೆಯ ಹಾಸಿಗೆಯಲ್ಲೇ ಮಲಗಿ, ಹೊರಳಿ ಬೀಳುವುದಿಲ್ಲ. ಕಿರ್ ಕಿರ್ ಅನ್ನುವುದು ಗೋಡೆಗೆ ಉಜ್ಜುವ ಗಾಳಿದಿಂಬು. ಟಣ್ ಟಣ್ ಅಂತ ಬಂದರೆ ಹಾಯಿ ಏರಿಸುವ ಹಗ್ಗ ಕಂಬಕ್ಕೆ ಬಡಿಯುತ್ತಿದೆ, ನನ್ನನ್ನು ಎಬ್ಬಿಸಿ, ಎಳೆದು ಕಟ್ಟುತ್ತೇನೆ. ಹಗ್ಗಗಳು ಸಡಿಲ ಕಂಡರೂ ಬಿಗಿಯಬೇಡಿ. ಓರೆಹಗ್ಗ ಎಡವಬೇಡಿ. ಕೆಳಗೆ ನೀರಿಲ್ಲದಾಗ ಟಾಯ್ಲೆಟ್ ಪಂಪು ಒತ್ತಬೇಡಿ, ಅದು ಸಮುದ್ರದ ನೀರನ್ನೇ ಎಳೆಯುವುದು. ಗೋಡೆಯ ಏಣಿಗೆ ಪಾಚಿ ಇರುತ್ತದೆ, ಒಬ್ಬರೇ ಹತ್ತಬೇಡಿ."

ಓರೆಹಗ್ಗ ನಾನೇ ಕಟ್ಟಿದ ಪದ. ಗಂಗೊಳ್ಳಿ, ಭಟ್ಕಳ, ಕಾರವಾರ ಕಡೆ ಬೋಟಿನವರು ಬೇರೆ ಏನಾದರೂ ಅನ್ನುತ್ತಿದ್ದರೆ ಗುರುವಾರ ರಾತ್ರಿಯೊಳಗೆ ಬರೆಯಿರಿ. ಶುಕ್ರವಾರ ಬೆಳಿಗ್ಗೆ ಪ್ರಿಂಟ್ ತೆಗೆಸುತ್ತೇನೆ.